ಟರ್ಕಿಷ್ ಕಲಿಕೆಗೆ ಒದಗಿದ ‘ಅಂತೆ’

ಇಂಗ್ಲಿಷಿನ ಮೂಲಕ ಹೋಗುವುದನ್ನು ಬಿಟ್ಟ ಮೇಲೆಯೇ ಟರ್ಕಿಷ್ ವ್ಯಾಕರಣ ನನಗೆ ಒಲಿಯಿತು. ಪಠ್ಯಪುಸ್ತಕದ ವಿವರಣೆಯೆಲ್ಲ ಇಂಗ್ಲಿಷಿನಲ್ಲಿತ್ತು. ಪ್ರತಿ ವಾಕ್ಯವನ್ನೂ ಬಾಲದಿಂದ ತಲೆಗೆ ಓದಬೇಕಾಗುತ್ತಿತ್ತು. ಆಮೇಲೆ ನೋಟ್‌ಬುಕ್ಕಿನಲ್ಲಿ ಟರ್ಕಿಷ್ ವಾಕ್ಯ ಬರೆದು, ಅದರ ಕೆಳಗೆ ಪದಕ್ಕೆ ಪದ ಕನ್ನಡ ಬರೆಯತೊಡಗಿದೆ. ‘ದ್ಯೂನ್ ಪಝಾರ್‌ದಾನ್ ಆಲ್ದೀಮ್ ಎಲ್ಮಲಾರಿ ಅನ್ನೆಮೆ ವೆರ್ದಿಮ್’ ಎಂಬುದರ ಕೆಳಗೆ ‘ನಿನ್ನೆ ಸಂತೆಯಿಂದ ಕೊಂಡ ಸೇಬುಗಳನ್ನು ಅಮ್ಮನಿಗೆ ಕೊಟ್ಟೆ’. ಒಂದು ಪದವನ್ನೂ ಕದಲಿಸಬೇಕಿಲ್ಲ! ‘ಕೊಂಡ’ ಎಂದಾಗ ಕೊಂಡವರು ಯಾರೆಂದು ಕನ್ನಡ ಆ ಪದದಲ್ಲಿ ಹೇಳುವುದಿಲ್ಲ. ಟರ್ಕಿಷ್ ಮಾತ್ರ ‘ಆಲ್ದೀಮ್’ ಪದದ ಕೊನೆಗೆ ‘ನನ್ನ’ ಎಂಬ ಪ್ರತ್ಯಯವನ್ನು ಅಂಟಿಸಿಬಿಡುತ್ತದೆ. ಇನ್ನು ‘ಯೋಕ್’ ಮತ್ತು ‘ದೇಯಿಲ್’: ‘ಇಲ್ಲ’, ‘ಅಲ್ಲ’ಗಳ ನಡುವಿನ ಭೇದ ಬಲ್ಲ ನಮಗೆ ಅದರ ಪಾಠವೇ ಬೇಡ.

ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ‘ಮಿಶ್’ ಪ್ರತ್ಯಯ. ‘ಅಲಿ ಗೆಲ್ದಿ’ ಎಂದರೆ ಅಲಿ ಬಂದ, ಅದನ್ನು ಹೇಳುವವನು ಖಚಿತವಾಗಿ ಬಲ್ಲ. ‘ಅಲಿ ಗೆಲ್ಮಿಶ್’ ಎಂದರೆ ಅಲಿ ಬಂದನಂತೆ. ಇಂಗ್ಲಿಷ್ ಪುಟಗಟ್ಟಲೆ ವಿವರಿಸುವುದನ್ನು ನಮ್ಮ ‘ಅಂತೆ’ ಎರಡೇ ಅಕ್ಷರದಲ್ಲಿ ತಿಳಿಸುತ್ತದೆ. ಅಲ್ಲಿನ ಅಜ್ಜಿಕಥೆಗಳು ‘ಬಿರ್ ವರ್ಮಿಶ್, ಬಿರ್ ಯೋಕ್ಮುಶ್’ ಎಂದು ಶುರುವಾಗುತ್ತವೆ: ಒಮ್ಮೆ ಇತ್ತಂತೆ, ಒಮ್ಮೆ ಇರಲಿಲ್ಲವಂತೆ. ಹಿಂದಿನ ಸ್ವರಕ್ಕೆ ತಕ್ಕಂತೆ ‘ಮಿಶ್’ ಇಲ್ಲಿ ‘ಮುಶ್’ ಆಗಿದೆ. ‘ಒಬ್ಬ ರಾಜ ಇದ್ದನಂತೆ’ ಎಂದು ಕೇಳುತ್ತಲೇ ಬೆಳೆದ ನನಗೆ ಇದನ್ನು ಓದಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ‘ಮಿಶ್’ನ ಹರವು ‘ಅಂತೆ’ಗಿಂತ ದೊಡ್ಡದು. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ಕಂಡವನು ‘ಯಾಮುರ್ ಯಾಮಿಶ್’ ಎನ್ನುತ್ತಾನೆ. ಇದು ಯಾರೋ ಹೇಳಿದ ಮಾತಲ್ಲ, ಗುರುತು ನೋಡಿ ಊಹಿಸಿದ್ದು. ಕನ್ನಡದಲ್ಲಾದರೆ ‘ರಾತ್ರಿ ಮಳೆ ಬಂದ ಹಾಗಿದೆ’. ಅಡುಗೆಯ ರುಚಿ ನೋಡಿದವರು ‘ಚೋಕ್ ಗ್ಯುಝೆಲ್ ಓಲ್ಮುಶ್’ ಎನ್ನುತ್ತಾರೆ. ಅದರಲ್ಲಿ ‘ಈಗ ತಿಳಿಯಿತು, ಎಷ್ಟು ಚೆನ್ನಾಗಿದೆಯಲ್ಲ!’ ಎಂಬ ಬೆರಗು ಇದೆ. ಹೀಗೆ ಕೇಳಿದ್ದು, ಊಹಿಸಿದ್ದು, ಆಗಷ್ಟೇ ಕಂಡುಕೊಂಡದ್ದು ಎಂದು ಮೂರು ಶಾಯಿಗಳಲ್ಲಿ ಗುರುತು ಹಾಕುತ್ತಾ ಹೋದೆ. ಕಿವಿ ಪಳಗಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಗಲಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ‘ನಾನು’ ಜೊತೆಗಿನ ಬಳಕೆ. ತಡವಾಗಿ ಬಂದವರು ‘ಉಯುಯಾಕಲ್ಮಿಶಿಮ್’ ಎನ್ನುತ್ತಾರೆ. ಇಲ್ಲಿ ‘ಅಂತೆ’ ಒಗ್ಗುವುದಿಲ್ಲ. ‘ನಾನು ಮಲಗಿಬಿಟ್ಟೆನಂತೆ’ ಎಂದರೆ ಬೇರೆಯವರು ಹೇಳಿದ ಹಾಗಾಗುತ್ತದೆ. ಅದರ ಕೆಳಗೆ ನಾನು ಬರೆದುಕೊಂಡದ್ದು: ‘ಗೊತ್ತೇ ಆಗದೆ ನಿದ್ದೆ ಹತ್ತಿಬಿಟ್ಟಿದೆ’.