ಚಿಕನ್ ಕ್ಯಾಸರೋಲ್‌ಗೆ ಕಡಕ್ ರೊಟ್ಟಿ ಹಾಕಿ ನೋಡಿ

ಕ್ಯಾಸರೋಲ್ ಅಂದ್ರೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಓವನ್‌ನಲ್ಲಿ ಬೇಯಿಸುವ ಅಡುಗೆ. ಮೆಕ್ಸಿಕೋದಲ್ಲಿ ಇದನ್ನು ಮೆಕ್ಕೆಜೋಳದ ಟೋರ್ಟಿಯಾ (ಅಲ್ಲಿಯ ತೆಳು ರೊಟ್ಟಿ) ಜೋಡಿಸಿ ಮಾಡ್ತಾರೆ. ಹುಬ್ಬಳ್ಳಿಯಲ್ಲಿ ಸುಮ್ನೆ ಟೋರ್ಟಿಯಾ ಹುಡುಕಿ ಸುಸ್ತಾಗಬೇಡಿ, ಕಡಕ್ ಜೋಳದ ರೊಟ್ಟಿ ಸಾಕು. ರುಚಿ ಬೇರೆಯೇ, ಆದರೆ ನಮ್ಮ ಮನೆಯಲ್ಲಿ ಇದೇ ಇಷ್ಟ.

8 ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ 20 ನಿಮಿಷ ನೆನೆಸಿ, 4 ಟೊಮೆಟೊ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ ಕುದಿಸಿ. ಬಣ್ಣ ಜಾಸ್ತಿ, ಖಾರ ಕಡಿಮೆ. ಅರ್ಧ ಕಿಲೋ ಚಿಕನ್ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿ. ತಳಕ್ಕೆ ಸಾಸ್, ಮೇಲೆ ರೊಟ್ಟಿ, ಚಿಕನ್, ಮತ್ತೆ ಸಾಸ್, ಚೀಸ್. ಹೀಗೆ ಮೂರು ಪದರ.

ಸಾಸ್ ತೆಳ್ಳಗಿರಲಿ, ಒಣ ರೊಟ್ಟಿ ಎಲ್ಲ ಹೀರಿಬಿಡುತ್ತದೆ. ಮೊದಲ ಸಲ ನಾನು ಗಟ್ಟಿ ಮಾಡಿ ಎಲ್ಲರ ಹಲ್ಲಿಗೆ ಕೆಲಸ ಕೊಟ್ಟಿದ್ದೆ!

ಓವನ್‌ನಲ್ಲಿ 180 ಡಿಗ್ರಿ, 25 ನಿಮಿಷ. ಓವನ್ ಇಲ್ವಾ? ದಪ್ಪ ತಳದ ಪಾತ್ರೆ, ಮುಚ್ಚಳ, ಸಣ್ಣ ಉರಿ. ಬೆಂದು ಇಳಿಸಿದ ಮೇಲೆ 10 ನಿಮಿಷ ಬಿಟ್ಟು ಕತ್ತರಿಸಿ, ಇಲ್ಲಾಂದ್ರೆ ಪದರಗಳು ಜಾರುತ್ತವೆ.