ಸಿಕಾಡ ರೆಕ್ಕೆಯ ಅಚ್ಚು ತೆಗೆದು ರಿಫ್ಲೆಕ್ಷನ್ ಕಮ್ಮಿ ಮಾಡೋದು ಹೇಗೆ

ಗಾಜಿನ ಒಂದೊಂದು ಮೇಲ್ಮೈಯಿಂದ ಸುಮಾರು 4% ಬೆಳಕು ವಾಪಸ್ ಬರುತ್ತೆ, ಆದ್ರೆ ಪತಂಗದ ಕಣ್ಣು, ಕೆಲವು ಸಿಕಾಡಗಳ (ಮರದ ಮೇಲೆ ಕೂತು ಜೀರ್ ಅಂತ ಕೂಗೋ ಕೀಟ) ಪಾರದರ್ಶಕ ರೆಕ್ಕೆ ಯಾವ ಕೋಟಿಂಗೂ ಇಲ್ದೆ ಬರೀ ಆಕಾರದಿಂದಲೇ ಇದನ್ನ ತಡೀತವೆ. ಸುಮಾರು 200 ನ್ಯಾನೋಮೀಟರ್ ಅಂತರದಲ್ಲಿ ಪುಟ್ಟ ಮೊನೆಗಳು ಇರ್ತವೆ, ಅದು ಬೆಳಕಿನ ತರಂಗಾಂತರಕ್ಕಿಂತ ಚಿಕ್ಕದು, ಹಾಗಾಗಿ ಬೆಳಕಿಗೆ ಗಾಳಿ ಮುಗಿದು ವಸ್ತು ಶುರುವಾಗೋ ಗಡಿನೇ ಗೊತ್ತಾಗಲ್ಲ.

ಸತ್ತ ಸಿಕಾಡದ ರೆಕ್ಕೆ ಸಾಕು. ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಒಣಗಿಸಿ, ಬೆರಳು ತಾಗಿಸದೆ ತಟ್ಟೆಗೆ ಚಪ್ಪಟೆಯಾಗಿ ಅಂಟಿಸಿ. ಪಿಡಿಎಂಎಸ್ ಅನ್ನೋ ಸಿಲಿಕೋನನ್ನ (ದ್ರವದಂತೆ ಸುರಿದು ಆಮೇಲೆ ರಬ್ಬರಿನಂತೆ ಗಟ್ಟಿಯಾಗೋದು) ಅದನ್ನ ಗಟ್ಟಿ ಮಾಡೋ ಕ್ಯೂರಿಂಗ್ ಏಜೆಂಟ್ ಜೊತೆ ತೂಕದಲ್ಲಿ 10:1 ಕಲಸಿ. ಲ್ಯಾಟೆಕ್ಸ್ ಗ್ಲೌಸ್ ಬೇಡ, ಅದರಲ್ಲಿರೋ ಗಂಧಕ ತಾಗಿದ್ರೆ ಸಿಲಿಕೋನ್ ಅಂಟಂಟಾಗೇ ಉಳಿಯುತ್ತೆ, ನೈಟ್ರೈಲ್ ಗ್ಲೌಸ್ ಹಾಕ್ಕೊಳ್ಳಿ.

ಇಲ್ಲಿ ಅವಸರ ಮಾಡ್ಬೇಡಿ: ಮಿಶ್ರಣವನ್ನ ವ್ಯಾಕ್ಯೂಮಲ್ಲಿಟ್ಟು (ಗಾಳಿ ಹೊರಗೆಳೆಯೋ ಡಬ್ಬಿಯಲ್ಲಿ) ಗುಳ್ಳೆ ಪೂರ್ತಿ ಹೋಗೋವರೆಗೂ ಕಾಯಿರಿ, ರೆಕ್ಕೆ ಮೇಲೆ ಒಂದು ಬದಿಯಿಂದ ನಿಧಾನಕ್ಕೆ ಸುರೀರಿ, ಸುರಿದ ಮೇಲೂ ಇನ್ನೊಂದು ಸಲ ವ್ಯಾಕ್ಯೂಮ್ ಕೊಡಿ, ಯಾಕಂದ್ರೆ ಮೊನೆಗಳ ನಡುವೆ ಗಾಳಿ ಸಿಕ್ಕಿಹಾಕ್ಕೊಂಡ್ರೆ ಅಚ್ಚು ಕೆಟ್ಟಂಗೇ. ಆಮೇಲೆ 60 ಡಿಗ್ರಿ ಸೆಲ್ಸಿಯಸಲ್ಲಿ ಸುಮಾರು 4 ಗಂಟೆ ಇಟ್ಟು, ಆರಿದ ಮೇಲೆ ಅಂಚಿಂದ ಬಿಡಿಸಿ.

ಈಗ ಸಿಕ್ಕಿದ್ದು ಉಲ್ಟಾ, ಅಂದ್ರೆ ಮೊನೆ ಬದಲು ಗುಳಿಗಳು (ಇವೂ ಸ್ವಲ್ಪ ಮಟ್ಟಿಗೆ ಕೆಲಸ ಮಾಡ್ತವೆ). ಮೊನೆನೇ ಬೇಕಂದ್ರೆ ಗಾಜಿನ ಮೇಲೆ ಒಂದು ಹನಿ ಯುವಿ ರೆಸಿನ್ (ಯುವಿ ಅಂದ್ರೆ ನೇರಳಾತೀತ ಬೆಳಕು ಬಿದ್ರೆ ಗಟ್ಟಿಯಾಗೋ ಅಂಟು ದ್ರವ) ಹಾಕಿ, ಅಚ್ಚು ಒತ್ತಿ, ಯುವಿ ಬೆಳಕಲ್ಲಿ ಗಟ್ಟಿ ಮಾಡಿ ಬಿಡಿಸಿ.

ಚೆಕ್ ಮಾಡೋಕೆ ಗಾಜಿನ ಹಿಂಬದಿಗೆ ಕಪ್ಪು ಟೇಪ್ ಅಂಟಿಸಿ ಟ್ಯೂಬ್‌ಲೈಟ್ ಪ್ರತಿಬಿಂಬ ನೋಡಿ, ಅಚ್ಚು ಬಿದ್ದಿರೋ ಜಾಗದಲ್ಲಿ ಅದು ಮಂಕಾಗಿರ್ಬೇಕು. ಬೆಳ್ಳಗೆ ಮಬ್ಬು ಕಂಡ್ರೆ ಧೂಳೋ ಗುಳ್ಳೆಯೋ ಸೇರಿರೋ ಸಾಧ್ಯತೆ ಜಾಸ್ತಿ.