ಮಲಗಿಸಿಬಿಡ್ರಿ ಡಾಕ್ಟ್ರೇ

ಟ್ರಿಗರ್ ಫಿಂಗರ್‌ಗೆ, ಅಂದರೆ ಮಡಚಿದ ಬೆರಳು ಸಿಕ್ಕಿಕೊಳ್ಳುವ ತೊಂದರೆಗೆ, ಸಣ್ಣ ಆಪರೇಷನ್ ಬೇಕು ಅಂದ ಕೂಡಲೇ ಬಳ್ಳಾರಿಯ ನನ್ನ ಕ್ಲಿನಿಕ್‌ನಲ್ಲಿ ಬರುವ ಮೊದಲ ಮಾತು, "ಪೂರ್ತಿ ಮಲಗಿಸಿಬಿಡ್ರಿ ಡಾಕ್ಟ್ರೇ." ಮೊದಮೊದಲು ನಾನು ನಕ್ಕು, "ಹತ್ತು ನಿಮಿಷದ ಕೆಲಸ, ಆ ಜಾಗ ಮಾತ್ರ ಮರಗಟ್ಟಿಸುವ ಲೋಕಲ್ ಸಾಕು" ಅಂತ ನಾನೇ ತೀರ್ಮಾನ ಮಾಡಿಬಿಡುತ್ತಿದ್ದೆ. ಈಗ ಯಾಕೆ ಅಂತ ಕೇಳುತ್ತೇನೆ. ನೋವಿಗೆ ಹೆದರುವವರಿಗಿಂತ ಕೊಯ್ಯೋದು ಕಣ್ಣಿಗೆ ಬೀಳುತ್ತೆ ಅಂತ ಹೆದರುವವರೇ ಜಾಸ್ತಿ. ಅದಕ್ಕೆ ನಡುವೆ ಒಂದು ಪರದೆ ಕಟ್ಟಿದರೆ ಆಯ್ತು.

ಜೀನ್ಸ್ ಹೊಲಿಯುವ ಒಬ್ಬ ಅಕ್ಕ ಬಂದಿದ್ದರು. ಬಲಗೈ ಉಂಗುರ ಬೆರಳು ಮಡಚಿದರೆ ಸಿಕ್ಕಿಕೊಳ್ಳುತ್ತಿತ್ತು, ಎಡಗೈಯಿಂದ ಎಳೆದರೆ ಟಕ್ ಅಂತ ಬಿಡುತ್ತಿತ್ತು. ಸ್ಟೀರಾಯ್ಡ್ ಇಂಜೆಕ್ಷನ್ ಆಗಿತ್ತು, ಕೇಳಲಿಲ್ಲ. ಶುಗರ್ ಬೇರೆ. ಮಲಗಿಸಬೇಕಾದರೆ ಆರು ಗಂಟೆ ಏನೂ ತಿನ್ನಬಾರದು, ಶುಗರ್ ಮಾತ್ರೆಯ ಹೊತ್ತು ಬದಲಿಸಬೇಕು, ಜೊತೆಗೆ ಒಬ್ಬರು ಬರಲೇಬೇಕು ಅಂದೆ. "ನನ್ ಜೋಡಿ ಬರೋರ ಒಂದಿನದ ಕೂಲಿನೂ ಹೋಗ್ತೈತಲ್ರಿ" ಅಂದರು. ಈ ಲೆಕ್ಕ ನನಗೆ ಹೊಳೆದಿರಲೇ ಇಲ್ಲ.

ಲೋಕಲ್ ಅಂದರೆ ನಾನು ಹಾಕುವುದು ಮರಗಟ್ಟಿಸುವ ಔಷಧಿ ಲಿಗ್ನೊಕೇನ್, ಜೊತೆಗೆ ರಕ್ತನಾಳ ಕಿರಿದಾಗಿಸುವ 1:1,00,000 ಅಡ್ರಿನಲಿನ್. ಪ್ರತಿ 10 ಮಿಲಿಗೆ 1 ಮಿಲಿ ಸೋಡಿಯಂ ಬೈಕಾರ್ಬೊನೇಟ್ ಸೇರಿಸಿದರೆ ಉರಿ ಕಡಿಮೆ. ಸಣ್ಣ 27 ಗೇಜ್ ಸೂಜಿ, ತುಂಬಾ ನಿಧಾನ. ಬೆರಳಿಗೆ ಅಡ್ರಿನಲಿನ್ ಹಾಕಿದರೆ ಬೆರಳೇ ಕೊಳೆಯುತ್ತೆ ಅಂತ ಓದುವಾಗ ನಮ್ಮನ್ನು ಹೆದರಿಸಿದ್ದರು. ಆದರೆ 2005ರಲ್ಲಿ ಕೆನಡಾದ ಡೊನಾಲ್ಡ್ ಲಲೋಂಡ್ ಮತ್ತವರ ಸಂಗಡಿಗರು ಹೀಗೆ ಕೊಟ್ಟ 3,110 ಕೇಸ್‌ಗಳ ಲೆಕ್ಕ ಪ್ರಕಟಿಸಿದರು, ಒಂದೇ ಒಂದು ಬೆರಳೂ ಸತ್ತಿರಲಿಲ್ಲ. ಆದರೂ ಬೆರಳಿಗೆ ರಕ್ತ ಸರಿಯಾಗಿ ಓಡದವರಿಗೆ ನಾನು ಹಾಕುವುದಿಲ್ಲ. ಸೂಜಿ ಹಾಕಿ ಅರ್ಧ ಗಂಟೆ ಹೊರಗೆ ಕೂರಿಸುತ್ತೇನೆ, ಅಷ್ಟರಲ್ಲಿ ಚರ್ಮ ಬಿಳುಚಿಕೊಳ್ಳುತ್ತೆ, ರಕ್ತ ಹೆಚ್ಚು ಬರಲ್ಲ, ರಕ್ತ ತಡೆಯೋಕೆ ರಟ್ಟೆಗೆ ಬಿಗಿಯುವ ಟೂರ್ನಿಕೆ ಪಟ್ಟಿ ಬೇಕಾಗಲ್ಲ. ನಿಜ ಹೇಳಬೇಕಂದ್ರೆ ಮೊದಲು ನನ್ನ ಪೇಶೆಂಟ್‌ಗಳು ಬೈಯುತ್ತಿದ್ದದ್ದು ಕೊಯ್ತಕ್ಕಲ್ಲ, ಆ ಪಟ್ಟಿಗೆ.

ಅಕ್ಕನ ಬೆರಳಿನ ಪುಲ್ಲಿ, ಅಂದರೆ ಬೆರಳು ಮಡಚುವ ಸ್ನಾಯುರಜ್ಜು ಸಿಕ್ಕಿಕೊಳ್ಳುವ ಬಿಗಿ ಪಟ್ಟಿ, ಕತ್ತರಿಸಿದ ಮೇಲೆ "ಮಡಚಿ ಬಿಡಿಸ್ರಿ" ಅಂದೆ. ಅಕ್ಕ ಪರದೆಯ ಆಚೆಯಿಂದಲೇ ಬೆರಳು ಆಡಿಸಿದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮಲಗಿದವರಿಗೆ ಹೀಗೆ ಹೇಳಿ ನೋಡೋಕಾಗುತ್ತಾ?

ಈ ಖುಷಿಯಲ್ಲೇ ನಾನು ಎಡವಿದೆ. ಮೆಣಸಿನಕಾಯಿ ಬೆಳೆಯುವ ಒಬ್ಬ ಯಜಮಾನ್ರಿಗೆ ಎರಡೂ ಕೈ ಜೋಮು, ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್. ಅವರು ಮೂರು ಸಲ "ಮಲಗಿಸ್ರಿ" ಅಂದರು, ನಾನು ಮೂರು ಸಲವೂ ಬೇಡ ಅಂತ ಒಪ್ಪಿಸಿದೆ. ಬಲಗೈ ಆಪರೇಷನ್ ಚೆನ್ನಾಗೇ ಆಯ್ತು, ಆದರೆ ಹೊದ್ದ ಬಟ್ಟೆಯೆಲ್ಲ ಬೆವರಿಗೆ ಒದ್ದೆ. "ನೋವೇನೂ ಆಗ್ಲಿಲ್ರಿ, ಕತ್ರಿ ಸಪ್ಪಳ ಮಾತ್ರ ಕೇಳಸ್ತಿತ್ತು" ಅಂದರು.

ಎಡಗೈಯನ್ನು ಅವರು ಬೇರೆ ಕಡೆ, ಪೂರ್ತಿ ಮಲಗಿ ಮಾಡಿಸಿಕೊಂಡರು. ಹೊಲಿಗೆ ಬಿಚ್ಚಿಸೋಕೆ ಮಾತ್ರ ನನ್ನ ಹತ್ತಿರ ಬಂದಿದ್ದರು.